ಸರ್ವಿಸ್ ಅಡ್ವೈಸರ್ ಕೆಲಸಕ್ಕೆ ಸೇರಬೇಕೇ? ಒಪ್ಪಿಕೊಳ್ಳುವ ಮುನ್ನ ಪರೀಕ್ಷಿಸಿಕೊಳ್ಳಬೇಕಾದ ಸಂಗತಿಗಳು

ಡಿಪ್ಲೊಮಾ ಮುಗಿಸಿ ಮನೆಯಲ್ಲಿರುವ ಹುಡುಗರು, ಐಟಿಐ ಮಾಡಿ ನಾಲ್ಕೈದು ವರ್ಷ ಸ್ಪ್ಯಾನರ್ ಹಿಡಿದು ದಣಿದ ಟೆಕ್ನಿಷಿಯನ್‌ಗಳು, ಶೋರೂಮಿನಲ್ಲಿ ಕಾರು ಮಾರುವ ಟಾರ್ಗೆಟ್‌ಗೆ ಸಾಕಾಗಿ ಹೊರಬಂದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಕಾರು ವರ್ಕ್‌ಶಾಪಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿ ಸೇರಬಹುದೇ? ಹುಬ್ಬಳ್ಳಿಯ ಒಂದು ಅಧಿಕೃತ ವರ್ಕ್‌ಶಾಪಿನಲ್ಲಿ ಏಳು ವರ್ಷ ಆ ಕೆಲಸ ಮಾಡಿದವನು ನಾನು. ಕೇಳುವವರು ಸಾಮಾನ್ಯವಾಗಿ ಎರಡು ಅರ್ಹತೆಗಳನ್ನು ಮುಂದಿಡುತ್ತಾರೆ. ಗಾಡಿಗಳೆಂದರೆ ಇಷ್ಟ, ಮಾತು ಚೆನ್ನಾಗಿ ಬರುತ್ತದೆ. ಇವೆರಡೂ ಇದ್ದು ಆರು ತಿಂಗಳಲ್ಲಿ ಬಿಟ್ಟುಹೋದವರನ್ನು ನಾನು ಕಂಡಿದ್ದೇನೆ. ಎರಡೂ ಅಷ್ಟಕ್ಕಷ್ಟೇ ಇದ್ದು ಹತ್ತು ವರ್ಷ ನೆಮ್ಮದಿಯಿಂದ ದುಡಿದವರನ್ನೂ ಕಂಡಿದ್ದೇನೆ.

ಏಕೆಂದರೆ ಈ ಕೆಲಸದ ತಿರುಳು ಬೇರೆಡೆ ಇದೆ. ಗಾಡಿ ಬಿಚ್ಚುವವನು ಬೇರೆ, ಬಿಡಿಭಾಗ ತರಿಸುವವನು ಬೇರೆ, ತೊಳೆಯುವವನು ಬೇರೆ. ಆದರೆ "ಸಂಜೆ ಐದಕ್ಕೆ ಗಾಡಿ ಸಿಗುತ್ತದೆ, ನಾಲ್ಕೂವರೆ ಸಾವಿರ ಆಗುತ್ತದೆ" ಎಂದು ಗ್ರಾಹಕನಿಗೆ ಮಾತು ಕೊಡುವವನು ಅಡ್ವೈಸರ್. ಇನ್ನೊಬ್ಬರ ಕೈಕೆಲಸದ ಮೇಲೆ ನಿಮ್ಮ ಮಾತು ನಿಲ್ಲುತ್ತದೆ, ಅವರು ತಡಮಾಡಿದರೆ ಬೈಗುಳ ನಿಮಗೆ ಬೀಳುತ್ತದೆ. ಇದನ್ನು ದಿನಕ್ಕೆ ಹತ್ತು ಹನ್ನೆರಡು ಸಲ ತಾಳಿಕೊಳ್ಳುವ ಸ್ವಭಾವ ನಿಮಗಿದೆಯೇ ಎಂಬುದನ್ನು ಕೆಲಸಕ್ಕೆ ಸೇರುವ ಮೊದಲೇ ಬಹುಮಟ್ಟಿಗೆ ತಿಳಿದುಕೊಳ್ಳಬಹುದು. ಮುಂದೆ ಹೇಳುವ ಎಂಟು ಹೆಜ್ಜೆಗಳಲ್ಲಿ ಮೊದಲ ಏಳನ್ನು ಅದೇ ಕ್ರಮದಲ್ಲಿ ಮಾಡಿದರೆ ಮೂರು ನಾಲ್ಕು ವಾರ ಹಿಡಿಯಬಹುದು. ಅವಸರದಲ್ಲಿ ಸೇರಿ ಮೂರು ತಿಂಗಳಲ್ಲಿ ಬಿಡುವುದಕ್ಕಿಂತ ಅದು ಅಗ್ಗ.

ಮೊದಲನೆಯ ಹೆಜ್ಜೆ: ಒಂದು ದಿನದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ತಿಳಿಯುವುದು

ಬೆಳಿಗ್ಗೆ ಎಂಟೂವರೆ, ಒಂಬತ್ತರ ಹೊತ್ತಿಗೆ ಗೇಟಿನ ಮುಂದೆ ಗಾಡಿಗಳು ಸಾಲು ನಿಲ್ಲುತ್ತವೆ. ಕಚೇರಿಗೆ ಹೋಗುವ ಅವಸರದಲ್ಲಿರುವ ಗ್ರಾಹಕನ ಜತೆ ಗಾಡಿಯ ಸುತ್ತ ಒಂದು ಸುತ್ತು ಬರಬೇಕು. ಎಲ್ಲೆಲ್ಲಿ ಗೀರು, ಎಲ್ಲೆಲ್ಲಿ ಡೆಂಟ್, ಓಡೋಮೀಟರ್ ಎಷ್ಟು, ಇಂಧನ ಎಷ್ಟು, ಸ್ಟೆಪ್ನಿ ಮತ್ತು ಜಾಕ್ ಇವೆಯೇ, ಡ್ಯಾಶ್‌ಬೋರ್ಡ್‌ನಲ್ಲಿ ಹಣ ಅಥವಾ ಕಾಗದಪತ್ರ ಉಳಿದಿವೆಯೇ ಎಂಬುದನ್ನೆಲ್ಲ ಆತನೆದುರೇ ಬರೆದು, ಫೋಟೊ ತೆಗೆದು, ದೂರುಗಳನ್ನು ಜಾಬ್ ಕಾರ್ಡಿಗೆ, ಅಂದರೆ ಆ ಗಾಡಿಗೆ ಮಾಡಬೇಕಾದ ಕೆಲಸದ ಪಟ್ಟಿಗೆ, ಏರಿಸಿ, ಅಂದಾಜು ವೆಚ್ಚ ಹೇಳಿ ಸಹಿ ಪಡೆಯಬೇಕು. ಈ ಸುತ್ತು ಬರುವುದನ್ನು ಬೇಸರದ ವಿಧಿಯೆಂದು ಬಿಟ್ಟವರು ಸಂಜೆ "ಈ ಗೀರು ಬೆಳಿಗ್ಗೆ ಇರಲಿಲ್ಲ" ಎಂಬ ಮಾತಿಗೆ ಉತ್ತರವಿಲ್ಲದೆ ನಿಲ್ಲುತ್ತಾರೆ.

ಹತ್ತೂವರೆಯ ನಂತರ ಗ್ರಾಹಕರು ಚದುರುತ್ತಾರೆ, ಫೋನು ಆರಂಭವಾಗುತ್ತದೆ. ಒಳಗೆ ಟೆಕ್ನಿಷಿಯನ್ ಚಕ್ರ ಬಿಚ್ಚಿ ನೋಡಿದಾಗ ಬ್ರೇಕ್ ಪ್ಯಾಡ್ ಸವೆದಿರುವುದು ಕಾಣುತ್ತದೆ. ಬೆಳಿಗ್ಗೆ ಹೇಳಿದ ಅಂದಾಜಿನಲ್ಲಿ ಅದು ಇರಲಿಲ್ಲ. ಗ್ರಾಹಕನಿಗೆ ಕರೆ ಮಾಡಿ ಒಪ್ಪಿಗೆ ಪಡೆಯಬೇಕು, ಆತ ಮೀಟಿಂಗಿನಲ್ಲಿ ಇರುತ್ತಾನೆ, ಗಾಡಿ ಬೇಯಲ್ಲಿ, ಅಂದರೆ ದುರಸ್ತಿಗೆ ಗಾಡಿ ನಿಲ್ಲಿಸುವ ಜಾಗದಲ್ಲಿ, ಚಕ್ರವಿಲ್ಲದೆ ನಿಂತಿರುತ್ತದೆ, ಫ್ಲೋರ್ ಸೂಪರ್‌ವೈಸರ್ ಬೇ ಖಾಲಿ ಮಾಡಿ ಎನ್ನುತ್ತಿರುತ್ತಾನೆ. ಮಧ್ಯಾಹ್ನ ಮೂರರ ನಂತರ ಫೈನಲ್ ಇನ್‌ಸ್ಪೆಕ್ಷನ್, ರೋಡ್ ಟೆಸ್ಟ್, ವಾಷಿಂಗ್. ಸಂಜೆ ಬಿಲ್ಲಿನ ಪ್ರತಿ ಸಾಲನ್ನೂ ವಿವರಿಸಿ, ಹಣ ಜಮೆಯಾದ ಮೇಲೆ ಗೇಟ್ ಪಾಸ್ ಕೊಡಬೇಕು. ಮೂರು ದಿನದ ಆಸುಪಾಸಿನಲ್ಲಿ ಗ್ರಾಹಕನಿಗೆ ಅಭಿಪ್ರಾಯ ಕೇಳುವ ಕರೆ ಹೋಗುತ್ತದೆ. ಆತ ಕೊಡುವ ಅಂಕ ನಿಮ್ಮ ಹೆಸರಿಗೆ ಸೇರುತ್ತದೆ.

ಇದನ್ನು ಓದುವಾಗ ಯಾವ ಭಾಗ ನಿಮಗೆ ಹಿಂಸೆಯೆನಿಸಿತೋ ಅದನ್ನು ಗುರುತು ಮಾಡಿಟ್ಟುಕೊಳ್ಳಿ. ಬೆಳಗಿನ ಗದ್ದಲ ಕಷ್ಟವೆನಿಸಿದರೆ ಅದು ಕಾಲಕ್ರಮದಲ್ಲಿ ರೂಢಿಯಾಗುತ್ತದೆ. ಮಧ್ಯಾಹ್ನದ ಆ ಕರೆ, ಹೆಚ್ಚುವರಿ ಹಣದ ಸುದ್ದಿಯನ್ನು ತಿಳಿಸುವ ಕರೆ, ಹಿಂಸೆಯೆನಿಸಿದರೆ ಎಚ್ಚರವಾಗಿರಿ. ಅದು ಯಾರಿಗೂ ಸುಲಭವಾಗಿ ರೂಢಿಯಾಗಿದ್ದನ್ನು ನಾನು ನೋಡಿಲ್ಲ.

ಎರಡನೆಯ ಹೆಜ್ಜೆ: ಹತ್ತು ದೂರುಗಳನ್ನು ಬರೆದು ನೋಡುವುದು

ಒಬ್ಬ ಹಿರಿಯರು ನವಲಗುಂದದ ಕಡೆಯಿಂದ ಬಂದಿದ್ದರು. "ಮುಂದ ಏನೋ ಗಡಗಡ ಅಂತೈತ್ರಿ, ಒಂದೀಟು ನೋಡ್ರಿ" ಎಂದರು. ಹೊಸದಾಗಿ ಸೇರಿದ್ದ ಹುಡುಗ ಜಾಬ್ ಕಾರ್ಡಿನಲ್ಲಿ "ಮುಂಭಾಗ ಸದ್ದು, ಪರೀಕ್ಷಿಸಿ" ಎಂದು ಬರೆದ. ಟೆಕ್ನಿಷಿಯನ್ ಗಾಡಿಯನ್ನು ಆವರಣದ ನುಣುಪಾದ ಕಾಂಕ್ರೀಟಿನ ಮೇಲೆ ಎರಡು ಸುತ್ತು ಓಡಿಸಿ, ಸದ್ದೇನೂ ಇಲ್ಲವೆಂದು ಬರೆದ. ಹಿರಿಯರು ಬಿಲ್ಲು ಕಟ್ಟಿ ಹೋದರು. ಮೂರನೆಯ ದಿನ ಮತ್ತೆ ಬಂದರು, ಈ ಸಲ ಮಗನೊಂದಿಗೆ.

ಅವರ ಪಕ್ಕದಲ್ಲಿ ಕುಳಿತು ಗಾಡಿ ಓಡಿಸಿ ಕೇಳಿದಾಗ ತಿಳಿದದ್ದು ಹೀಗೆ: ಸದ್ದು ಎಡಗಡೆ ಮುಂದಿನದು, ಹಂಪ್ ಇಳಿಯುವಾಗ ಮಾತ್ರ, ನಿಧಾನವಾಗಿ ಹೋದಾಗ ಒಂದೇ ಸಲ ಕಟಕ್ ಎನ್ನುತ್ತದೆ, ಬ್ರೇಕ್ ಒತ್ತಿದರೂ ಸ್ಟೀರಿಂಗ್ ತಿರುಗಿಸಿದರೂ ಬರುವುದಿಲ್ಲ, ಹಿಂದಿನ ತಿಂಗಳು ಗುಂಡಿಯೊಂದರಲ್ಲಿ ಚಕ್ರ ಬಡಿದ ಮೇಲೆ ಶುರುವಾಗಿದೆ. ಇಷ್ಟನ್ನು ಬರೆದುಕೊಟ್ಟರೆ ಟೆಕ್ನಿಷಿಯನ್ ನೇರವಾಗಿ ಎಡಗಡೆಯ ಸ್ಟೆಬಿಲೈಜರ್ ಲಿಂಕ್, ಲೋವರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್ ಈ ಮೂರನ್ನು ನೋಡುತ್ತಾನೆ. ತಿರುವಿನಲ್ಲಿ ಕಟಕಟ ಎನ್ನುವುದಾಗಿದ್ದರೆ ಆತ ಡ್ರೈವ್ ಶಾಫ್ಟಿನ ಜಾಯಿಂಟ್ ಕಡೆ ಹೋಗುತ್ತಿದ್ದ. ಗಡಗಡ ಎಂಬ ಒಂದು ಪದದಿಂದ ಈ ಐದು ಸಂಗತಿಗಳವರೆಗೆ ಬರುವುದೇ ಅಡ್ವೈಸರನ ನಿಜವಾದ ಕಸುಬು. ಮೆಕ್ಯಾನಿಕ್‌ನಷ್ಟು ಆಳವಾದ ಜ್ಞಾನ ಇದಕ್ಕೆ ಬೇಡ. ಎಲ್ಲಿ, ಯಾವಾಗ, ಎಷ್ಟು ವೇಗದಲ್ಲಿ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಯಾವಾಗಿನಿಂದ ಎಂದು ಕೇಳುವ ತಾಳ್ಮೆ ಬೇಕು.

ಆದ್ದರಿಂದ ಒಂದು ವಾರ ಈ ಅಭ್ಯಾಸ ಮಾಡಿ. ನೆಂಟರು, ನೆರೆಯವರು, ಗೆಳೆಯರ ಪೈಕಿ ಹತ್ತು ಮಂದಿಯ ಗಾಡಿಯ ದೂರುಗಳನ್ನು ಕೇಳಿ, ಪ್ರತಿಯೊಂದನ್ನೂ ಮೂರು ಸಾಲಿನಲ್ಲಿ ಬರೆಯಿರಿ. ಪರಿಚಯದ ಗ್ಯಾರೇಜಿನ ಮೇಸ್ತ್ರಿಗೆ ಅದನ್ನು ತೋರಿಸಿ, ಗಾಡಿ ನೋಡದೆಯೇ ಎಲ್ಲಿಂದ ಪರೀಕ್ಷೆ ಆರಂಭಿಸುತ್ತೀರೆಂದು ಕೇಳಿ. ಹತ್ತರಲ್ಲಿ ಆರಕ್ಕಾದರೂ ಆತ ಮರುಪ್ರಶ್ನೆಯಿಲ್ಲದೆ ಉತ್ತರಿಸಿದರೆ ನಿಮ್ಮ ಕಿವಿ ಸರಿಯಾಗಿದೆ ಎಂದರ್ಥ. ಮೂರನೆಯ ದೂರಿಗೇ ನಿಮಗೆ ಆಕಳಿಕೆ ಬಂದಿದ್ದರೆ ಅದನ್ನೂ ಉತ್ತರವೆಂದೇ ತಿಳಿಯಿರಿ.

ಓದಿನ ಅರ್ಹತೆಯ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಅಧಿಕೃತ ವರ್ಕ್‌ಶಾಪುಗಳು ಸಾಮಾನ್ಯವಾಗಿ ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ ಕೇಳುತ್ತವೆ. ಅನುಭವವಿದ್ದರೆ ಐಟಿಐ ಮಾಡಿದವರನ್ನೂ ತೆಗೆದುಕೊಳ್ಳುತ್ತವೆ. ಕಾರಿನ ಡ್ರೈವಿಂಗ್ ಲೈಸೆನ್ಸ್ ಇಲ್ಲದೆ ಸಂದರ್ಶನಕ್ಕೆ ಹೋಗಬೇಡಿ. ಕಂಪ್ಯೂಟರಿನಲ್ಲಿ ಬೇಗ ಟೈಪ್ ಮಾಡಲು ಬರಬೇಕು. ಭಾಷೆಯ ಮಟ್ಟಿಗೆ ಹುಬ್ಬಳ್ಳಿಯಲ್ಲಿ ಕನ್ನಡದ ಜತೆ ಹಿಂದಿ ಇದ್ದರೆ ಸಾಕು, ಮಂಗಳೂರಿನಲ್ಲಿ ತುಳು ಬಂದರೆ ಗ್ರಾಹಕ ಅರ್ಧ ಮೆತ್ತಗಾಗುತ್ತಾನೆ, ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಮಾತನಾಡುವುದಕ್ಕಿಂತ ಇಂಗ್ಲಿಷಿನಲ್ಲಿ ಸ್ಪಷ್ಟವಾದ ವಾಟ್ಸ್ಆ್ಯಪ್ ಸಂದೇಶ ಬರೆಯುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೂರನೆಯ ಹೆಜ್ಜೆ: ಸಮಯ ಮತ್ತು ಹಣದ ಮಾತು ಕೊಡುವುದನ್ನು ಕಲಿಯಬಲ್ಲಿರಾ ಎಂದು ನೋಡುವುದು

ನನ್ನ ಮೊದಲ ವರ್ಷದ ಒಂದು ತಪ್ಪನ್ನು ಹೇಳಬೇಕು. ಒಂದು ಕುಟುಂಬ ಮರುದಿನ ನಸುಕಿನಲ್ಲಿ ಧರ್ಮಸ್ಥಳಕ್ಕೆ ಹೊರಡುವುದಿತ್ತು. ಸಂಜೆ ಐದಕ್ಕೆ ಗಾಡಿ ಕೊಡುತ್ತೇನೆಂದು ನಾನು ಮಾತು ಕೊಟ್ಟೆ. ಬದಲಿಸಬೇಕಾದ ಸ್ಟ್ರಟ್ ಮೌಂಟ್ ಸ್ಟಾಕಿನಲ್ಲಿ ಇದೆಯೇ ಎಂದು ಪರದೆಯ ಮೇಲೆ ನೋಡಲು ಅರ್ಧ ನಿಮಿಷ ಸಾಕಿತ್ತು, ನಾನು ನೋಡಲಿಲ್ಲ. ಮಧ್ಯಾಹ್ನ ಎರಡಕ್ಕೆ ಹಳೆಯದನ್ನು ಬಿಚ್ಚಿ ಟೇಬಲಿನ ಮೇಲಿಟ್ಟ ಮೇಲೆ ಭಾಗ ಇಲ್ಲವೆಂದು ತಿಳಿಯಿತು. ಬೆಳಗಾವಿಯಿಂದ ಬಸ್ಸಿನಲ್ಲಿ ಭಾಗ ತರಿಸಿ, ರಾತ್ರಿ ಒಂಬತ್ತೂವರೆಗೆ ಗಾಡಿ ಕೊಟ್ಟೆವು. ಆ ಮನೆಯ ಯಜಮಾನರು ಬೈಯಲಿಲ್ಲ. ಮೂರೂವರೆ ಗಂಟೆ ಸ್ವಾಗತ ಕೊಠಡಿಯಲ್ಲಿ ಕುಳಿತಿದ್ದರು, ಅಷ್ಟೆ. ಬೈದಿದ್ದರೆ ಹಗುರವಾಗುತ್ತಿತ್ತು. ನನ್ನೊಡನೆ ರಾತ್ರಿಯವರೆಗೆ ಉಳಿದ ಟೆಕ್ನಿಷಿಯನ್, ವಯಸ್ಸಿನಲ್ಲಿ ನನಗಿಂತ ಹಿರಿಯರು, ಕೈ ಒರೆಸಿಕೊಳ್ಳುತ್ತ ಹೇಳಿದ ಮಾತು ಈಗಲೂ ನೆನಪಿದೆ: "ಸರ್, ಟೈಮ್ ಕೊಡೋಕಿಂತ ಮೊದಲ ನನ್ನ ಒಂದ್ ಮಾತು ಕೇಳ್ರಿ."

ಅಲ್ಲಿಂದ ಮುಂದೆ ಸ್ಟಾಕ್ ನೋಡದೆ, ಬೇ ಖಾಲಿಯಿದೆಯೇ ಎಂದು ಕೇಳದೆ, ಸಮಯ ಹೇಳುವುದನ್ನು ಬಿಟ್ಟೆ. ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಗ್ರಾಹಕನ ಮುಖ ನೋಡಿ ಇಲ್ಲವೆನ್ನಲಾಗದೆ ಹ್ಞೂಂ ಎನ್ನುವ ದಾಕ್ಷಿಣ್ಯದ ಸ್ವಭಾವ ನಿಮ್ಮದಾಗಿದ್ದರೆ, ಮನೆಯಲ್ಲಿ ಅದು ಒಳ್ಳೆಯ ಗುಣ, ಈ ಮೇಜಿನಲ್ಲಿ ಅದು ದೋಷ. ಗೆಳೆಯರಿಗೆ "ಹತ್ತು ನಿಮಿಷದಲ್ಲಿ ಬರ್ತೀನಿ" ಎಂದು ಹೇಳಿ ಮುಕ್ಕಾಲು ಗಂಟೆಗೆ ತಲುಪುವವರು ನೀವೇ ಎಂದಾದರೆ, ಒಂದು ವಾರ ನೀವು ಕೊಟ್ಟ ಪ್ರತಿ ಸಮಯವನ್ನೂ ನಿಜವಾಗಿ ತಲುಪಿದ ಸಮಯವನ್ನೂ ಬರೆದಿಟ್ಟುಕೊಂಡು ನೋಡಿ.

ಹಣದ ಮಾತಿಗೂ ಇದೇ ಶಿಸ್ತು. ಅತಿ ಹೆಚ್ಚು ಜಗಳ ಹುಟ್ಟುವುದು ಫ್ರೀ ಸರ್ವಿಸ್ ಎಂಬ ಪದದಿಂದ. ಸಾಮಾನ್ಯವಾಗಿ ಅಲ್ಲಿ ಉಚಿತವಾಗಿರುವುದು ಲೇಬರ್ ಮಾತ್ರ. ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿದರೆ ಅದರ ಹಣ ಕೊಡಬೇಕು. ಇದನ್ನು ಬೆಳಿಗ್ಗೆ ಹೇಳಿದರೆ ಮಾಹಿತಿ, ಸಂಜೆ ಬಿಲ್ಲಿನ ಮುಂದೆ ಹೇಳಿದರೆ ಮೋಸ ಎಂದು ಗ್ರಾಹಕನಿಗೆ ಅನ್ನಿಸುತ್ತದೆ. ವಾರಂಟಿಯೂ ಹಾಗೆಯೇ: ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಬ್ಲೇಡ್‌ಗಳಂಥ ಸವೆಯುವ ಭಾಗಗಳು ಸಾಮಾನ್ಯ ಸವೆತದ ಕಾರಣಕ್ಕೆ ಅದರಲ್ಲಿ ಬರುವುದಿಲ್ಲ. ತೆರಿಗೆಯನ್ನೂ ವಿವರಿಸಲು ಬರಬೇಕು. 2025ರ ಸೆಪ್ಟೆಂಬರ್ 22ಕ್ಕಿಂತ ಮೊದಲು ಅನೇಕ ಬಿಡಿಭಾಗಗಳ ಮೇಲೆ ಶೇ. 28 ಜಿಎಸ್‌ಟಿ ಇತ್ತು, ಆ ದಿನದಿಂದ ಅದು ಶೇ. 18ಕ್ಕೆ ಇಳಿಯಿತು, ಅಂದರೆ ತೆರಿಗೆಗೆ ಮುನ್ನ 1,000 ರೂ. ಇರುವ ಅಂಥ ಭಾಗಕ್ಕೆ ಮೊದಲು 1,280 ರೂ., ಈಗ 1,180 ರೂ. ಲೇಬರ್ ಮೇಲೆ ಶೇ. 18 ಮೊದಲಿನಿಂದಲೂ ಇದೆ. ಹಳೆಯ ಬಿಲ್ಲು ಹಿಡಿದು ಬಂದವರಿಗೆ ಇದನ್ನು ಎರಡು ವಾಕ್ಯದಲ್ಲಿ ಹೇಳಿ ಕಳಿಸುವ ಸಾಮರ್ಥ್ಯ ಬೇಕು.

ನಾಲ್ಕನೆಯ ಹೆಜ್ಜೆ: ಎಲ್ಲಿಯವರೆಗೆ ಮಾರುತ್ತೀರಿ ಎಂದು ಮೊದಲೇ ಗೆರೆ ಎಳೆದುಕೊಳ್ಳುವುದು

ಹುದ್ದೆಯ ಹೆಸರು ಸಲಹೆಗಾರ ಎಂದಿದ್ದರೂ ತಿಂಗಳ ಕೊನೆಯಲ್ಲಿ ಮ್ಯಾನೇಜರ್ ಕೇಳುವುದು ಮಾರಾಟದ ಲೆಕ್ಕ. ಎಂಜಿನ್ ಡಿಕಾರ್ಬನೈಸಿಂಗ್ (ಒಳಗಿನ ಮಸಿ ತೆಗೆಯುವುದು), ಎಸಿ ಡಿಸಿನ್‌ಫೆಕ್ಷನ್, ಟೆಫ್ಲಾನ್ ಕೋಟಿಂಗ್, ಅಂಡರ್‌ಬಾಡಿ ಕೋಟಿಂಗ್, ಎಕ್ಸ್‌ಟೆಂಡೆಡ್ ವಾರಂಟಿ, ವಿಮೆ ನವೀಕರಣ ಇವೆಲ್ಲಕ್ಕೂ ಟಾರ್ಗೆಟ್ ಇರುತ್ತದೆ. ಒಬ್ಬೊಬ್ಬ ಅಡ್ವೈಸರ್ ಪ್ರತಿ ಗಾಡಿಯಿಂದ ಸರಾಸರಿ ಎಷ್ಟು ಲೇಬರ್ ಹಣ ತಂದನೆಂಬ ಪಟ್ಟಿ ಗೋಡೆಯ ಮೇಲೋ ವಾಟ್ಸ್ಆ್ಯಪ್ ಗುಂಪಿನಲ್ಲೋ ದಿನವೂ ಬೀಳುತ್ತದೆ.

ಇವೆಲ್ಲ ಮೋಸವೆಂದು ನಾನು ಹೇಳುವುದಿಲ್ಲ. ಸಮುದ್ರದ ಗಾಳಿಯ ಉಡುಪಿ, ಕಾರವಾರದಲ್ಲಿ ಅಂಡರ್‌ಬಾಡಿ ಕೋಟಿಂಗ್‌ಗೆ ಅರ್ಥವಿದೆ. ಅದನ್ನೇ ವರ್ಷವಿಡೀ ಒಣಗಿರುವ ಊರಿನಲ್ಲಿ ಕಾರಣವಿಲ್ಲದೆ ಹೇರಿದರೆ ಅರ್ಥವಿಲ್ಲ. ಎಸಿಯಿಂದ ಮುಗ್ಗಲು ವಾಸನೆ ಬರುತ್ತಿದ್ದರೆ ಶುಚಿಗೊಳಿಸುವುದು ಸರಿ. ವಾಸನೆಯೇ ಇಲ್ಲದ ಗಾಡಿಗೆ ಅದನ್ನು, ಹನ್ನೊಂದು ಸಾವಿರ ಕಿ.ಮೀ. ಮಾತ್ರ ಓಡಿದ ಗಾಡಿಗೆ ಎಂಜಿನ್ ಶುಚಿಯ ಪ್ಯಾಕೇಜನ್ನು ಕೂಡಿಸುವುದು ಸರಿಯಲ್ಲ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದಕ್ಕೆ ನಾನು ಇಟ್ಟುಕೊಂಡಿದ್ದ ಅಳತೆ ಸರಳವಾಗಿತ್ತು. ಗಾಡಿಯ ಓನರ್ಸ್ ಮ್ಯಾನ್ಯುಅಲ್‌ನಲ್ಲಿರುವ ಸರ್ವಿಸ್ ಪಟ್ಟಿ ಕೇಳುವುದನ್ನು ಮಾಡಲೇಬೇಕು. ಪರೀಕ್ಷೆಯಲ್ಲಿ ಕಂಡದ್ದನ್ನು ತೋರಿಸಬೇಕು. ಉಳಿದದ್ದನ್ನು ನನ್ನ ಸೋದರಮಾವನ ಗಾಡಿಗೆ ಹಾಕಿಸುತ್ತಿದ್ದೆನೇ ಎಂದು ಕೇಳಿಕೊಳ್ಳಬೇಕು. ಸೋದರಮಾವ ಜುಗ್ಗ ಮನುಷ್ಯ, ಹಾಗಾಗಿ ಅಳತೆ ಬಿಗಿಯಾಗಿಯೇ ಇತ್ತು.

ತೋರಿಸುವುದಕ್ಕೂ ಮಾರುವುದಕ್ಕೂ ಇರುವ ಅಂತರ ಬ್ರೇಕ್ ಪ್ಯಾಡಿನಲ್ಲಿ ಚೆನ್ನಾಗಿ ಕಾಣುತ್ತದೆ. ಹೊಸ ಪ್ಯಾಡಿನ ಲೈನಿಂಗ್ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ, 3 ಮಿ.ಮೀ.ಗೆ ಇಳಿದರೆ ಬದಲಿಸುವ ಕಾಲ. ಅಳತೆಪಟ್ಟಿ ಇಟ್ಟು ಫೋಟೊ ತೆಗೆದು "ಎಡಗಡೆ 3, ಬಲಗಡೆ 4 ಉಳಿದಿದೆ. ಊರಿನೊಳಗಷ್ಟೇ ಓಡಿಸುವುದಾದರೆ ಹೆಚ್ಚೆಂದರೆ ಕೆಲವು ವಾರ ನೋಡಬಹುದು, ಘಾಟಿ ಇಳಿಯುವುದಿದ್ದರೆ ಇವತ್ತೇ ಬದಲಿಸಿ" ಎಂದು ಬರೆದು ಕಳಿಸಿದರೆ ಬಹುತೇಕ ಗ್ರಾಹಕರು ಒಪ್ಪುತ್ತಾರೆ. "ಬ್ರೇಕ್ ಪೂರ್ತಿ ಹೋಗಿದೆ ಸರ್, ಡೇಂಜರ್" ಎಂದರೂ ಒಪ್ಪುತ್ತಾರೆ, ಆದರೆ ಮುಂದಿನ ಸಲ ಬೇರೆ ವರ್ಕ್‌ಶಾಪಿಗೆ ಹೋಗುತ್ತಾರೆ.

ಈ ಗೆರೆಯನ್ನು ಮ್ಯಾನೇಜರ್ ಒಪ್ಪದಿದ್ದರೆ ಏನು ಮಾಡುತ್ತೀರಿ? ಇದಕ್ಕೆ ನಾನು ಉತ್ತರ ಕೊಡಲಾರೆ, ಆದರೆ ಸೇರುವ ಮುನ್ನವೇ ನಿಮ್ಮಲ್ಲಿ ಒಂದು ಉತ್ತರವಿರಬೇಕು. ಮನೆಯ ಸಾಲದ ಕಂತು ತಲೆಯ ಮೇಲಿರುವಾಗ ಹೊಸದಾಗಿ ಯೋಚಿಸಲು ಕುಳಿತರೆ ಉತ್ತರ ಯಾವಾಗಲೂ ಒಂದೇ ಕಡೆ ವಾಲುತ್ತದೆ.

ಐದನೆಯ ಹೆಜ್ಜೆ: ಯಾವ ಬಗೆಯ ವರ್ಕ್‌ಶಾಪು ಎಂದು ಆರಿಸುವುದು

ಎಲ್ಲ ಅಡ್ವೈಸರ್ ಕೆಲಸವೂ ಒಂದೇ ಅಲ್ಲ. ಅಧಿಕೃತ ವರ್ಕ್‌ಶಾಪಿನ ಸಾಮಾನ್ಯ ಸರ್ವಿಸ್ ವಿಭಾಗದಲ್ಲಿ ತರಬೇತಿ ಸಿಗುತ್ತದೆ, ನಿಯಮಗಳು ಬರಹದಲ್ಲಿರುತ್ತವೆ, ಟಾರ್ಗೆಟ್ ಬಿಗಿ. ಮಲ್ಟಿಬ್ರ್ಯಾಂಡ್ ಗ್ಯಾರೇಜಿನಲ್ಲಿ ಸ್ವಾತಂತ್ರ್ಯ ಹೆಚ್ಚು, ಆದರೆ ಬಿಡಿಭಾಗಗಳಲ್ಲಿ ಅಸಲಿ, ನಕಲಿ, ಬದಲಿ ಎಂಬ ಗೊಂದಲವನ್ನು ನೀವೇ ಹೊರಬೇಕು. ಲಾರಿ, ಬಸ್ಸುಗಳ ವರ್ಕ್‌ಶಾಪಿನಲ್ಲಿ ಗ್ರಾಹಕನ ಪ್ರಶ್ನೆ ಒಂದೇ: ಗಾಡಿ ಮತ್ತೆ ರಸ್ತೆಗೆ ಯಾವಾಗ. ಅಲ್ಲಿ ಮಾರಾಟದ ಕಾಟ ಕಡಿಮೆ, ರಾತ್ರಿ ಫೋನಿನ ಕಾಟ ಹೆಚ್ಚು.

ಡೆಂಟು ತೆಗೆದು ಬಣ್ಣ ಹೊಡೆಯುವ ಬಾಡಿ ಶಾಪ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಲೆಕ್ಕದ ಮೇಲೆ ಒಲವಿರುವವರಿಗೆ ಅದೇ ಉತ್ತಮ ಜಾಗವೆಂಬುದು ನನ್ನ ಅಭಿಪ್ರಾಯ. ಅಲ್ಲಿ ಗ್ರಾಹಕ, ವರ್ಕ್‌ಶಾಪು, ಹಾನಿಯನ್ನು ಅಂದಾಜು ಮಾಡುವ ವಿಮಾ ಕಂಪನಿಯ ಸರ್ವೇಯರ್ ಈ ಮೂವರ ನಡುವೆ ನೀವು ನಿಲ್ಲುತ್ತೀರಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ (ಭಾಗ ಹಳೆಯದಾದ್ದಕ್ಕೆ ಬೆಲೆಯಲ್ಲಿ ಕಡಿತ) ಕಳೆಯುತ್ತಾರೆ, ಫೈಬರ್‌ಗ್ಲಾಸ್ ಭಾಗಕ್ಕೆ ಶೇ. 30, ಗಾಜಿಗೆ ಸವಕಳಿ ಇಲ್ಲ, ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ. ಅದರ ಮೇಲೆ 1500 ಸಿಸಿವರೆಗಿನ ಕಾರಿಗೆ 1,000 ರೂ., ಅದಕ್ಕಿಂತ ದೊಡ್ಡದಕ್ಕೆ 2,000 ರೂ. ಕಡ್ಡಾಯವಾಗಿ ಗ್ರಾಹಕನ ಪಾಲು. 6,000 ರೂಪಾಯಿಯ ಬಂಪರ್ ಒಡೆದು ಬಂದ ಸಣ್ಣ ಕಾರಿನವನು ಬಂಪರಿನ ಮಟ್ಟಿಗೇ 3,000 ಮತ್ತು 1,000 ಸೇರಿ 4,000 ರೂ. ಕೈಯಿಂದ ಕೊಡಬೇಕಾಗುತ್ತದೆ; ವಿಮೆಯಿಂದ ಬರುವುದು 2,000. ಆ 2,000ಕ್ಕಾಗಿ ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಐದು ವರ್ಷ ಕ್ಲೇಮ್ ಮಾಡದವನಿಗೆ ಅದು ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ. ಕೂಡಿ ಕಳೆದು "ಈ ಸಲ ಕೈಯಿಂದಲೇ ಕೊಟ್ಟುಬಿಡಿ ಸರ್" ಎಂದು ಹೇಳುವ ಅಡ್ವೈಸರನ ಹೆಸರು ಹತ್ತು ಮನೆಗೆ ಹಬ್ಬುತ್ತದೆ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ಮಳೆನೀರಿನಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋದರೆ ಎಂಜಿನ್ನಿನೊಳಗೆ ನೀರು ಸೇರಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ರಕ್ಷಣೆಯ ಆ್ಯಡ್-ಆನ್ (ಹೆಚ್ಚುವರಿ ವಿಮೆ) ಇಲ್ಲದಿದ್ದರೆ ಆ ಹಾನಿಗೆ ವಿಮೆ ಸಿಗುವುದು ಕಷ್ಟ. ಇಂಥ ದಿನ ಫೋನಿನಲ್ಲಿ ಮೊದಲ ವಾಕ್ಯವಾಗಿ "ಕೀ ತಿರುಗಿಸಬೇಡಿ" ಎಂದು ಹೇಳುವವನು ಲಕ್ಷಾಂತರ ರೂಪಾಯಿ ಉಳಿಸಬಲ್ಲ.

ಎಲೆಕ್ಟ್ರಿಕ್ ಗಾಡಿಗಳು ಬಂದ ಮೇಲೆ ಈ ಕೆಲಸ ಉಳಿಯುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಆ ಗಾಡಿಗೆ ಎಂಜಿನ್ ಆಯಿಲ್ ಇಲ್ಲ, ಫಿಲ್ಟರುಗಳು ಕಡಿಮೆ, ಹಾಗಾಗಿ ನಿಯತ ಸರ್ವಿಸಿನ ಬಿಲ್ಲು ಸಣ್ಣದು. ಆದರೆ ಬಂಪರು ಒಡೆಯುವುದು, ಸಸ್ಪೆನ್ಷನ್ ಬಡಿಯುವುದು, ಟೈರು ಸವೆಯುವುದು ನಿಂತಿಲ್ಲ. ವೃತ್ತಿಯನ್ನು ಇಪ್ಪತ್ತು ವರ್ಷ ನಡೆಸುವ ಆಲೋಚನೆ ಇರುವವರು ಬಾಡಿ ಶಾಪ್ ಮತ್ತು ಎಲೆಕ್ಟ್ರಿಕಲ್ ದೋಷಗಳ ಪತ್ತೆ ಎರಡನ್ನೂ ಕಲಿತಿರಲಿ.

ಆರನೆಯ ಹೆಜ್ಜೆ: ಸಂಬಳದ ಲೆಕ್ಕವನ್ನು ಇನ್ಸೆಂಟಿವ್ ಬಿಟ್ಟು ಮಾಡುವುದು

ಸಂದರ್ಶನದಲ್ಲಿ ಹೇಳುವ ದೊಡ್ಡ ಮೊತ್ತದಲ್ಲಿ ನಿಗದಿ ಸಂಬಳ ಎಷ್ಟು, ಇನ್ಸೆಂಟಿವ್ ಎಷ್ಟು ಎಂಬುದನ್ನು ಬಿಡಿಸಿ ಕೇಳಿ. ಲೆಕ್ಕದ ಕ್ರಮ ತೋರಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ; ಅಂಕಿಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ನಿಗದಿ ಸಂಬಳ 20,000 ರೂ., ಅದರಲ್ಲಿ ಮೂಲವೇತನ 12,000 ರೂ. ಎನ್ನೋಣ. ಭವಿಷ್ಯನಿಧಿಗೆ ಮೂಲವೇತನದ ಶೇ. 12 ಎಂದರೆ 1,440 ರೂ.; 21,000 ರೂ. ವರೆಗಿನ ಸಂಬಳಕ್ಕೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಅನ್ವಯಿಸುವುದರಿಂದ ಶೇ. 0.75 ಎಂದರೆ 150 ರೂ. ಕಡಿತ. ಕರ್ನಾಟಕದಲ್ಲಿ ವೃತ್ತಿ ತೆರಿಗೆ 25,000 ರೂ. ಮತ್ತು ಮೇಲ್ಪಟ್ಟ ಸಂಬಳಕ್ಕಾದ್ದರಿಂದ ಇಲ್ಲಿ ಬರುವುದಿಲ್ಲ. ಕೈಗೆ ಬರುವುದು 18,410 ರೂ. ಬಾಡಿಗೆಯ ಪಾಲು 5,000, ಊಟಕ್ಕೆ 5,000, ಪೆಟ್ರೋಲಿಗೆ 2,500, ಫೋನಿಗೆ 400 ತೆಗೆದರೆ ಉಳಿಯುವುದು 5,510 ರೂ. ಮನೆಗೆ ಕಳಿಸಬೇಕಾದದ್ದು ಇದರೊಳಗೆ ಆದರೆ ಮುಂದುವರಿಯಿರಿ. ಇನ್ಸೆಂಟಿವ್ ಬಂದರೆ ಮಾತ್ರ ಮನೆ ನಡೆಯುತ್ತದೆ ಎಂಬ ಸ್ಥಿತಿ ಇದ್ದರೆ, ನಾಲ್ಕನೆಯ ಹೆಜ್ಜೆಯಲ್ಲಿ ಎಳೆದ ಗೆರೆ ಎರಡನೆಯ ತಿಂಗಳಿಗೇ ಅಳಿಸಿಹೋಗುತ್ತದೆ.

ಇನ್ಸೆಂಟಿವ್‌ನ ಒಳಗೂ ಒಂದು ಸುಳಿ ಇರುತ್ತದೆ. ಮಾರಾಟದ ಗುರಿ ಮುಟ್ಟಿದರೂ ಗ್ರಾಹಕರ ಅಂಕ ನಿಗದಿತ ಮಟ್ಟಕ್ಕಿಂತ ಇಳಿದರೆ ಪೂರ್ತಿ ಇನ್ಸೆಂಟಿವ್ ಕೈತಪ್ಪುವ ನಿಯಮ ಹಲವೆಡೆ ಇದೆ. ವಾಷಿಂಗ್ ಸರಿಯಾಗಲಿಲ್ಲವೆಂದು ಒಬ್ಬ ಕೊಟ್ಟ ಕಡಿಮೆ ಅಂಕ ನಿಮ್ಮ ತಿಂಗಳ ಬೆವರನ್ನು ನುಂಗಬಹುದು. ಆಯುಧಪೂಜೆಯ ಹಿಂದಿನ ಮೂರು ದಿನ ವಾಷಿಂಗ್ ಬೇಯಲ್ಲಿ ಏನು ನಡೆಯುತ್ತದೆಂಬುದನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ಏಳನೆಯ ಹೆಜ್ಜೆ: ವರ್ಕ್‌ಶಾಪಿಗೆ ಹೋಗಿ ಕುಳಿತು ನೋಡುವುದು, ನಂತರ ಕೇಳುವುದು

ಯಾರದಾದರೂ ಗಾಡಿಯನ್ನು ಸರ್ವಿಸಿಗೆ ಬಿಡುವ ನೆಪದಲ್ಲಿ ಸೋಮವಾರ ಬೆಳಿಗ್ಗೆ ಎರಡು ಗಂಟೆ, ಶನಿವಾರ ಸಂಜೆ ಎರಡು ಗಂಟೆ ಅಲ್ಲಿ ಕುಳಿತುಕೊಳ್ಳಿ. ಅಡ್ವೈಸರುಗಳು ಗಾಡಿಯ ಸುತ್ತ ನಿಜವಾಗಿ ನಡೆಯುತ್ತಾರೆಯೇ, ಗ್ರಾಹಕ ರೇಗಿದಾಗ ಮ್ಯಾನೇಜರ್ ಹೊರಬಂದು ಜತೆಗೆ ನಿಲ್ಲುತ್ತಾನೆಯೇ ಅಥವಾ ಕ್ಯಾಬಿನ್ ಬಾಗಿಲು ಹಾಕಿಕೊಳ್ಳುತ್ತಾನೆಯೇ, ಅಡ್ವೈಸರ್ ಮತ್ತು ಟೆಕ್ನಿಷಿಯನ್ ಪರಸ್ಪರ ಹೇಗೆ ಮಾತನಾಡುತ್ತಾರೆ ಎಂಬುದನ್ನು ನೋಡಿ. ಹೊರಗಿನ ಚಹದಂಗಡಿಯಲ್ಲಿ ಟೆಕ್ನಿಷಿಯನ್ ಒಬ್ಬರನ್ನು "ಅಣ್ಣಾ, ಇಲ್ಲಿ ಅಡ್ವೈಸರುಗಳು ಎಷ್ಟು ದಿನ ನಿಲ್ತಾರೆ?" ಎಂದು ಕೇಳಿ. ಎಚ್‌ಆರ್ ವಿಭಾಗ ಹೇಳದ ಸಂಗತಿ ಅಲ್ಲಿ ಅರ್ಧ ಚಹಾ ಮುಗಿಯುವುದರೊಳಗೆ ಸಿಗುತ್ತದೆ.

ಸಂದರ್ಶನದಲ್ಲಿ ನೀವು ಕೇಳಬೇಕಾದದ್ದು ಮುಖ್ಯವಾಗಿ ಮೂರು. ಒಬ್ಬ ಅಡ್ವೈಸರಿಗೆ ದಿನಕ್ಕೆ ಎಷ್ಟು ಗಾಡಿ? ಹತ್ತು ಹನ್ನೆರಡನ್ನು ಒಳ್ಳೆಯ ವ್ಯವಸ್ಥೆಯಲ್ಲಿ ನಿಭಾಯಿಸಬಹುದು. ಇಪ್ಪತ್ತು ಎಂದರೆ ಯಾವ ಗಾಡಿಗೂ ನ್ಯಾಯ ಸಿಗುವುದಿಲ್ಲ. ಎರಡನೆಯದು ರಿಕವರಿ: ತಪ್ಪಾದ ಭಾಗ ತರಿಸಿದರೆ, ಗಾಡಿಗೆ ಆವರಣದಲ್ಲಿ ಗೀರು ಬಿದ್ದರೆ, ಒಪ್ಪಿಗೆಯಿಲ್ಲದೆ ರಿಯಾಯಿತಿ ಕೊಟ್ಟರೆ ಹಣ ಯಾರ ಸಂಬಳದಿಂದ ಹೋಗುತ್ತದೆ? ಮೂರನೆಯದು, ತರಬೇತಿಗೆ ಕಳಿಸಿದರೆ ಬಾಂಡ್ ಬರೆಸಿಕೊಳ್ಳುತ್ತಾರೆಯೇ, ಎಷ್ಟು ಕಾಲಕ್ಕೆ? ಉತ್ತರಗಳು ಆಫರ್ ಲೆಟರಿನಲ್ಲಿ ಇರಲಿ. ಬಾಯಿಮಾತಿನದು ಮ್ಯಾನೇಜರ್ ಬದಲಾದ ದಿನವೇ ಬದಲಾಗುತ್ತದೆ. ಹೆಣ್ಣುಮಕ್ಕಳು ವರ್ಕ್‌ಶಾಪು ಮುಚ್ಚುವ ನಿಜವಾದ ಸಮಯವನ್ನು, ತಡವಾದ ದಿನ ಮನೆಗೆ ವಾಹನ ವ್ಯವಸ್ಥೆ ಇದೆಯೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಕೇಳಬೇಕು. ಬಹಳಷ್ಟು ವರ್ಕ್‌ಶಾಪುಗಳು ನಗರದ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿರುತ್ತವೆ.

ಎಂಟನೆಯ ಹೆಜ್ಜೆ: ಮೊದಲ ಮೂರು ತಿಂಗಳು ಪರೀಕ್ಷೆಯೆಂದೇ ನಡೆಸುವುದು

ಸೇರಿದಿರೆಂದರೆ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಪ್ರತಿ ಗಾಡಿಗೆ ಕೊಟ್ಟ ಸಮಯ, ನಿಜವಾಗಿ ಕೊಟ್ಟ ಸಮಯ. ಹೇಳಿದ ಮೊತ್ತ, ಬಿಲ್ಲಿನ ಮೊತ್ತ. ಅದೇ ದೂರಿಗೆ ಗಾಡಿ ಮರಳಿ ಬಂದಿತೇ ಎಂಬ ಮೂರೇ ಅಂಕಣ ಸಾಕು. ಹೆಚ್ಚುವರಿ ಕೆಲಸದ ಒಪ್ಪಿಗೆಯನ್ನು ಫೋನಿನಲ್ಲಿ ಪಡೆದರೂ ಸಂದೇಶದಲ್ಲಿ ದೃಢಪಡಿಸಿಕೊಳ್ಳಿ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಯ ದೂರು ಗ್ರಾಹಕ ಆಯೋಗಕ್ಕೆ ಹೋದರೆ ಸಹಿಯಿರುವ ಜಾಬ್ ಕಾರ್ಡು ಮತ್ತು ಆ ಸಂದೇಶಗಳೇ ಮಾತನಾಡುತ್ತವೆ.

ಮೂರು ತಿಂಗಳ ಕೊನೆಯಲ್ಲಿ ಪುಸ್ತಕ ತೆರೆದು ನೋಡಿ. ಸಮಯದ ಅಂತರ ತಿಂಗಳಿನಿಂದ ತಿಂಗಳಿಗೆ ಕಿರಿದಾಗುತ್ತಿದ್ದರೆ, ದಣಿವು ಎಷ್ಟೇ ಇದ್ದರೂ ಕೆಲಸ ನಿಮ್ಮ ಕೈಗೆ ಹತ್ತುತ್ತಿದೆ. ಅಂತರ ಹಾಗೆಯೇ ಇದ್ದರೆ ಕಾರಣ ಹುಡುಕಿ: ಬಿಡಿಭಾಗ ಬಾರದಿರುವುದು, ಬೇ ಕಡಿಮೆಯಿರುವುದು ಕಾರಣವಾದರೆ ಬದಲಿಸಬೇಕಾದದ್ದು ವರ್ಕ್‌ಶಾಪನ್ನು, ವೃತ್ತಿಯನ್ನಲ್ಲ. ಕರಾವಳಿಯ ಹಲವರು ಎರಡು ಮೂರು ವರ್ಷದ ಅನುಭವದ ಮೇಲೆ ಕೊಲ್ಲಿ ದೇಶಗಳ ವರ್ಕ್‌ಶಾಪುಗಳಿಗೆ ಹೋಗುತ್ತಾರೆ. ಹಾಗೆ ಹೋಗುವವರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರಾದ ಏಜೆಂಟರ ಮೂಲಕವಷ್ಟೇ ವ್ಯವಹರಿಸಬೇಕು, ಅವರ ನೋಂದಣಿಯನ್ನು ಇ-ಮೈಗ್ರೇಟ್ ತಾಣದಲ್ಲಿ ನೋಡಿಕೊಳ್ಳಬಹುದು.

ಭಾನುವಾರ ಸಂಜೆಯಾಗುತ್ತಲೇ ಸೋಮವಾರದ ಫೋನುಗಳನ್ನು ನೆನೆದು ಎದೆ ಭಾರವಾಗುವುದು ಮೂರನೆಯ ತಿಂಗಳಲ್ಲೂ ನಿಲ್ಲದಿದ್ದರೆ ಬಿಟ್ಟುಬಿಡಿ. ಆದರೆ ಮೂರು ತಿಂಗಳ ಕಲಿಕೆ ವ್ಯರ್ಥವಲ್ಲ. ದೂರು ಬರೆಯುವುದರಲ್ಲಿ ರುಚಿ ಹುಟ್ಟಿದವರು ವಾರಂಟಿ ಕ್ಲೇಮ್ ವಿಭಾಗಕ್ಕೆ, ಸ್ಟಾಕಿನ ಲೆಕ್ಕ ಹಿಡಿಸಿದವರು ಬಿಡಿಭಾಗ ವಿಭಾಗಕ್ಕೆ ಅದೇ ಆವರಣದಲ್ಲಿ ಬದಲಾವಣೆ ಕೇಳಬಹುದು. ಅಲ್ಲಿ ಗ್ರಾಹಕನ ಮುಖ ಅಪರೂಪ. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಪದವಿ ಇದ್ದು ಬಾಡಿ ಶಾಪಿನ ಲೆಕ್ಕ ಇಷ್ಟವಾದವರಿಗೆ ವಿಮಾ ಸರ್ವೇಯರ್ ಆಗುವ ದಾರಿ ಇದೆ. ಅದಕ್ಕೆ ತರಬೇತಿ, ಪರೀಕ್ಷೆ ಮುಗಿಸಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಪರವಾನಗಿ ಪಡೆಯಬೇಕು. ಬಿಡುವ ದಿನ ನಿಮ್ಮ ಹೆಸರಿನಲ್ಲಿ ತೆರೆದಿರುವ ಜಾಬ್ ಕಾರ್ಡುಗಳ ಪಟ್ಟಿಯನ್ನು, ಯಾವ ಗ್ರಾಹಕನಿಗೆ ಏನು ಮಾತು ಕೊಟ್ಟಿದ್ದೀರೆಂಬ ಟಿಪ್ಪಣಿಯ ಸಮೇತ, ಮುಂದೆ ಆ ಕುರ್ಚಿಯಲ್ಲಿ ಕೂರುವವರ ಕೈಗೆ ಕೊಟ್ಟು ಹೊರಡಿ.